ಸದ್ದು ಮಾಡುವವರು, ಕೇಳುವವರು

ಮುಂಬಯಿಗೆ ಬಂದವರಿಗೆ ಸಿಗುವ ಮೊದಲ ಸುಖ ಯಾವುದು ಗೊತ್ತೇ? ಇಲ್ಲಿ ಯಾರೂ ಕೇಳುವುದಿಲ್ಲ. ಊರಲ್ಲಿ ಸೀನಿದರೂ ಮೂರು ಮನೆಗೆ ಸುದ್ದಿ. ಇಲ್ಲಿ ಭಾಂಡುಪ್‌ನ ಚಾಳಿನಲ್ಲಿ ನಮ್ಮ ಬಾಳು ಗೋಡೆಯಾಚೆ ದಾಟುವುದಿಲ್ಲ ಅಂದುಕೊಂಡು ಹಾಯಾಗಿರುತ್ತೇವೆ.

ದಾಟುತ್ತದೆ. ನಮ್ಮ ಫ್ಯಾನು, ಗಾಲಾಗಳ ಮೋಟಾರು, ಎಲ್ಲಕ್ಕೂ ಬರುವುದು ಸೆಕೆಂಡಿಗೆ 50 ಸಲ ಅತ್ತಿತ್ತ ತೂಗುವ ಕರೆಂಟು. ಇಂಥ ಜಾಲಗಳಿಂದ ಹೊರಟ ಅತಿ ಕಡಿಮೆ ಆವರ್ತನದ ರೇಡಿಯೋ ಅಲೆಗಳು ಒಮ್ಮೊಮ್ಮೆ ಅಯಾನುಗೋಳವನ್ನೂ ತೂರಿ ಮೇಲೆ ಹೋಗುತ್ತವೆ. 2004ರಿಂದ 2010ರವರೆಗೆ ಸುಮಾರು 700 ಕಿ.ಮೀ. ಎತ್ತರದಲ್ಲಿ ಸುತ್ತಿದ ಫ್ರಾನ್ಸಿನ ಡೆಮೆಟರ್ ಉಪಗ್ರಹ ಅವನ್ನು ಹಿಡಿದಿತ್ತು. ಅಲೆಗಳ ಗೆರೆಗಳ ನಡುವಿನ ಅಂತರ ನೋಡಿದರೆ ಕೆಳಗಿರುವುದು ಯುರೋಪಿನಂಥ 50ರ ನಾಡೋ ಅಮೆರಿಕದಂಥ 60ರ ನಾಡೋ ತಿಳಿಯುತ್ತಿತ್ತು. 1979ರಲ್ಲೇ ಕೆಲವು ವಿಜ್ಞಾನಿಗಳು ಅಂಟಾರ್ಕ್ಟಿಕದ ಸೈಪಲ್ ಠಾಣೆಯಲ್ಲಿ ಕೇಳಿದ ಅಲೆಗಳ ಚಟುವಟಿಕೆ ಭಾನುವಾರ ತಗ್ಗುತ್ತದೆ ಎಂದು ಬರೆದರು. ಅಲ್ಲಿನ ಕಾಂತರೇಖೆಯ ಇನ್ನೊಂದು ತುದಿ ಇರುವುದು ಕೆನಡಾದಲ್ಲಿ; ಅಲ್ಲಿ ಕಾರ್ಖಾನೆಗಳಿಗೆ ರಜೆ! ಬೇರೆಯವರು ಒಪ್ಪಲಿಲ್ಲ, ಪರಿಣಾಮ ಅಷ್ಟು ದೊಡ್ಡದಲ್ಲ ಎಂದರು.

ಹಾನಿ ಅಳತೆಗೆ ಸಿಗದಿದ್ದರೆ ಹೊಣೆಯೂ ಇಲ್ಲವೇ? ಆಕಾಶದ ವಿಷಯದಲ್ಲಿ ಇಲ್ಲ ಅಂದುಬಿಡಬಹುದು. ಅಲ್ಲಿ ನಿದ್ದೆ ಕೆಡುವವರಿಲ್ಲ. ಕಷ್ಟ ಇರುವುದು ಕೆಳಗೆ.

ನಮ್ಮ ಚಾಳಿನ ಪಕ್ಕದ ಗಾಲಾವೊಂದರಲ್ಲಿ ಪವರ್ ಪ್ರೆಸ್ ಬಂತು. ರಾತ್ರಿಪಾಳಿ ಮುಗಿಸಿ ಹಗಲು ಮಲಗುತ್ತಿದ್ದ ನಮ್ಮ ಕಡೆಯ ಹಿರಿಯರೊಬ್ಬರು ಹೋಗಿ ಕೇಳಿಕೊಂಡರು. "ನಿಮಗೊಬ್ಬರಿಗೇ ತೊಂದರೆ, ಇಲ್ಲಿ ಹದಿನೈದು ಜನರ ಅನ್ನ" ಎಂಬ ಉತ್ತರ ಬಂತು. ಸುಳ್ಳಲ್ಲ ಆ ಮಾತು. ಆ ಹದಿನೈದರಲ್ಲಿ ಇಬ್ಬರು ನಮ್ಮವರೇ. ಆರು ತಿಂಗಳಲ್ಲಿ ಹಿರಿಯರು ಡೊಂಬಿವಲಿಗೆ ಮನೆ ಬದಲಿಸಿದರು. ಡಿಪಾಜಿಟ್ಟು, ಟೆಂಪೋ ಬಾಡಿಗೆ, ದಿನಕ್ಕೆ ಎರಡು ಗಂಟೆ ಹೆಚ್ಚಿನ ಲೋಕಲ್ ಪ್ರಯಾಣ, ಎಲ್ಲ ಅವರದೇ. ಚಾಳಿನವರು ಒಂದು ಚಹಾ ಕುಡಿಸಿ ಕಳಿಸಿದೆವು.

ಇದೇ ಊರಲ್ಲಿ ಇನ್ನೊಂದು ವಲಸೆಯೂ ನಡೆದಿದೆ. ಕೊಲಾಬಾದಲ್ಲಿ 1841ರಿಂದ ಭೂಮಿಯ ಕಾಂತತೆಯನ್ನು ಅಳೆಯುತ್ತಿದ್ದರು. 1859ರ ಮಹಾ ಸೌರಬಿರುಗಾಳಿಯನ್ನೂ ಅಲ್ಲಿ ದಾಖಲಿಸಿದ್ದರು. ವಿದ್ಯುತ್ ಟ್ರಾಮ್ ಬರುವುದೆಂದಾಗ, ಅದರ ಕರೆಂಟಿನಿಂದ ಸೂಜಿ ಅಲುಗಾಡೀತೆಂದು, ನಿರ್ದೇಶಕ ಮೂಸ್ ಅವರ ಕಾಲದಲ್ಲಿ ವೀಕ್ಷಣಾಲಯವೇ ಅಲಿಬಾಗ್‌ಗೆ ಹೊರಟಿತು. ಇಲ್ಲೂ ಹೊರಟದ್ದು ಕೇಳಿಸಿಕೊಳ್ಳುವವನೇ, ಸದ್ದು ಮಾಡುವವನಲ್ಲ. ಟ್ರಾಮ್ ನಿಲ್ಲಬೇಕಿತ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ; ನಮ್ಮಂಥ ಕೂಲಿಯವರನ್ನು ಹೊತ್ತದ್ದು ಅದೇ ತಾನೆ. ಆದರೆ 1907ರಲ್ಲಿ ಟ್ರಾಮ್ ಓಡುವ ಮೊದಲೇ ಅಲ್ಲಿ ಹೊಸ ಮನೆ ಎದ್ದಿತ್ತು. 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದು, ದಾಖಲೆಯ ಎಳೆ ಕಡಿಯದಂತೆ ನೋಡಿಕೊಂಡರು.

ಸೂಜಿಗೆ ಸಿಕ್ಕ ಆ ಎರಡು ವರ್ಷ ನಮ್ಮ ಹಿರಿಯರಿಗೆ ಸಿಗಲಿಲ್ಲ. ಗಾಲಾದವನಷ್ಟೇ ಅಲ್ಲ, ಆ ಪ್ರೆಸ್ಸಿನ ಸಂಬಳ ಉಂಡ ಇಬ್ಬರೂ, ಗಾಲಾದ ಬಾಡಿಗೆ ಎಣಿಸಿಕೊಂಡವರೂ ಟೆಂಪೋ ಬಾಡಿಗೆಯಲ್ಲಿ ಪಾಲು ಹಾಕಬೇಕಿತ್ತು. ಆ ಲೆಕ್ಕ ಯಾರೂ ಬರೆದಿಲ್ಲ.