ಚಳಿಯ ಹಗೇವು

ಅದು ಬೆಟ್ಟ ಹತ್ತಿದ್ದನ್ನು ಯಾರೂ ನೋಡಲಿಲ್ಲ. ನೋಡುವ ಹಾಗೂ ಇರಲಿಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ, ನಡುಚಳಿಗಾಲದಲ್ಲಿ, ಮೌಂಟ್ ಕ್ಲೀವ್‌ಲ್ಯಾಂಡ್ ಶಿಖರದ ಮೇಲೆ ಮನುಷ್ಯರಿಗೇನು ಕೆಲಸ? ಸುಮಾರು 3,190 ಮೀಟರ್ ಎತ್ತರದ ಆ ಶಿಖರ ಇಡೀ ಉದ್ಯಾನಕ್ಕೇ ದೊಡ್ಡದು. ಒಂದು ಗಂಡು ವುಲ್ವರೀನ್‌ಗೆ ತೊಡಿಸಿದ್ದ ಜಿಪಿಎಸ್ ಕೊರಳಪಟ್ಟಿ ಒಪ್ಪಿಸಿದ್ದು ಬರಿಯ ಅಂಕಿಗಳ ಸಾಲು: ಇಷ್ಟು ಹೊತ್ತಿಗೆ ಈ ಅಕ್ಷಾಂಶ, ಈ ರೇಖಾಂಶ. ಸಂಶೋಧಕರು ಆ ಚುಕ್ಕೆಗಳನ್ನು ನಕ್ಷೆಯ ಮೇಲಿಟ್ಟು ಗೆರೆ ಎಳೆದಾಗಲೇ ಸಂಗತಿ ಬೆಳಕಿಗೆ ಬಂದದ್ದು. ಎಂ3 ಎಂಬ ಗುರುತಿನ ಆ ಪ್ರಾಣಿ ಶಿಖರದ ಕೊನೆಯ 4,900 ಅಡಿಯನ್ನು 90 ನಿಮಿಷದಲ್ಲಿ ಹತ್ತಿ ಮುಗಿಸಿತ್ತು. ಬಳಸುದಾರಿಯ ಗೊಡವೆಗೆ ಹೋಗದೆ, ಕಡಿದಾದ ಮೈಯಲ್ಲಿ, ನೆಟ್ಟಗೆ.

ಯಾಕೆ ಹತ್ತಿತು? ಆಚೆ ಬದಿಗೆ ಹೋಗುವುದಿದ್ದರೆ ಕಣಿವೆಗಳಿದ್ದವು. ಅಷ್ಟೆತ್ತರದ ಹಿಮದಲ್ಲಿ ಆ ಕಾಲಕ್ಕೆ ಬೇಟೆಯೂ ಇರುವುದಿಲ್ಲ. ಗಡಿ ಕಾಯಲು ಹೋಯಿತೇ, ಸುಮ್ಮನೆ ಹೋಯಿತೇ? ಕೊರಳಪಟ್ಟಿ ತೊಡಿಸಿದ ಆ ಅಧ್ಯಯನದಲ್ಲಿ ಸ್ವಯಂಸೇವಕನಾಗಿ ದುಡಿದ ಜೀವಶಾಸ್ತ್ರಜ್ಞ ಡಗ್ಲಾಸ್ ಚಾಡ್ವಿಕ್ 2010ರಲ್ಲಿ ಈ ಪ್ರಾಣಿಗಳ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದ. ಅಳತೆ ಬಂದಲ್ಲಿ ಬೆರಗು ಸಾಯುತ್ತದೆ ಎಂದು ನಮ್ಮಲ್ಲಿ ಒಂದು ಗೊಣಗಾಟ ಇದೆಯಲ್ಲ, ಅದನ್ನು ಈ ಎಂ3ನ ಮುಂದೆ ನಿಲ್ಲಿಸಬೇಕು. ಇಲ್ಲಿ ಬೆರಗು ಹುಟ್ಟಿದ್ದೇ ಅಳತೆಯಿಂದ. ಕೊರಳಪಟ್ಟಿ ಇಲ್ಲದಿದ್ದರೆ ಆ ಬೆಟ್ಟ ಆ ದಿನ ಖಾಲಿ ಇತ್ತೆಂದೇ ನಾವು ತಿಳಿದಿರುತ್ತಿದ್ದೆವು.

ವುಲ್ವರೀನ್ ಎಂದ ಕೂಡಲೇ ನಮ್ಮ ಹುಡುಗರಿಗೆ ನೆನಪಾಗುವುದು ಮುಷ್ಟಿಯಿಂದ ಲೋಹದ ಉಗುರು ಚಿಮ್ಮಿಸುವ ಸಿನಿಮಾ ನಾಯಕ. ನಿಜವಾದದ್ದು ನೀರುನಾಯಿಯ, ತರಕರಡಿಯ ದಾಯಾದಿ. ಗಂಡು 18 ಕಿಲೋ ತೂಗಿದರೆ ಹೆಚ್ಚು, ಹೆಣ್ಣು ಅದಕ್ಕಿಂತ ಹಗುರ. ಗಿಡ್ಡ ಕಾಲು, ದಟ್ಟ ಕಂದು ತುಪ್ಪಳ, ಹಿಮದಲ್ಲಿ ಹೂತುಹೋಗದಂಥ ಅಗಲ ಪಾದ. ಮೇಲ್ದವಡೆಯ ಒಂದು ಜೊತೆ ಹಲ್ಲು ಒಳಮುಖವಾಗಿ ತಿರುಗಿ ನಿಂತಿರುವುದರಿಂದ ಕಲ್ಲಿನಂತೆ ಹೆಪ್ಪುಗಟ್ಟಿದ ಮಾಂಸವನ್ನೂ ಎಲುಬನ್ನೂ ಅರೆದು ನುಂಗುತ್ತದೆ. ಅದನ್ನು ಹಿಡಿಯಲು ಗ್ಲೇಸಿಯರ್ ತಂಡದವರು ದಪ್ಪ ದಿಮ್ಮಿಗಳ ಪೆಟ್ಟಿಗೆ ಕಟ್ಟಿದರು, ಏಕೆಂದರೆ ಲೋಹದ ಬೋನಾದರೆ ಕಚ್ಚಿ ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ. ದಿಮ್ಮಿಯೇನು ಶಾಶ್ವತವೇ? ಅದನ್ನೂ ಕಡಿದು ಹೊರಬೀಳಬಲ್ಲದು. ಹಾಗಾಗಿ ಮುಚ್ಚಳ ಬಿದ್ದ ಸಂಕೇತ ರೇಡಿಯೋದಲ್ಲಿ ಬಂದರೆ ರಾತ್ರಿಯೋ ಹಗಲೋ, ಸ್ಕೀ ಕಟ್ಟಿಕೊಂಡು ಮೈಲಿಗಟ್ಟಲೆ ಹೋಗಬೇಕು. ಈ ಶೌರ್ಯದ ಕಥೆಗಳಿಗೆ ಕೊನೆಯಿಲ್ಲ, ಮತ್ತು ನನಗೆ ಅವುಗಳಲ್ಲಿ ಅಂಥ ಆಸಕ್ತಿಯೂ ಇಲ್ಲ. ಹಲ್ಲು, ಉಗುರು, ಗುರುಗುಟ್ಟುವಿಕೆ ಎಷ್ಟೋ ಪ್ರಾಣಿಗಳಿಗಿವೆ.

ನನ್ನನ್ನು ತಡೆದು ನಿಲ್ಲಿಸುವುದು ಅದು ಚಳಿಯನ್ನು ಬಳಸುವ ರೀತಿ.

ಮನುಷ್ಯರಿಗೆ ಚಳಿ ಎಂದರೆ ಒಂದು ಕೊರತೆ. ಬಿಸಿಯಿಲ್ಲದ್ದು, ಬೆಳೆಯಿಲ್ಲದ್ದು, ಕಳೆದುಹೋದರೆ ಸಾಕೆನ್ನಿಸುವಂಥದ್ದು. ವುಲ್ವರೀನ್‌ಗೆ ಅದೇ ಆಸ್ತಿ. ಇವು ಕೂಡುವುದು ಬೇಸಿಗೆಯಲ್ಲಿ. ಆದರೆ ಫಲಿತ ಭ್ರೂಣ ಆಗಲೇ ಬೆಳೆಯಲು ತೊಡಗುವುದಿಲ್ಲ. ತಿಂಗಳುಗಟ್ಟಲೆ ತಾಯಿಯ ಒಡಲಲ್ಲಿ ಹಾಗೆಯೇ ಕಾದಿದ್ದು, ಚಳಿಗಾಲದಲ್ಲಿ ಗರ್ಭಕೋಶಕ್ಕೆ ಅಂಟಿಕೊಳ್ಳುತ್ತದೆ. ಮರಿಗಳು ಹುಟ್ಟುವುದು ಫೆಬ್ರುವರಿ, ಮಾರ್ಚ್ ಸುಮಾರಿಗೆ. ಆಳವಾದ ಹಿಮದಡಿ ಸುರಂಗ ಕೊರೆದು ತಾಯಿ ಗೂಡು ಮಾಡುತ್ತದೆ. ಕಡುಕಂದು ತಾಯಿಗೆ ಹುಟ್ಟುವ ಮರಿ ಬೆಳ್ಳಗೆ. ಹೊರಗೆ ಜಗತ್ತೇ ಮರಗಟ್ಟಿದ ಹೊತ್ತಿನಲ್ಲಿ, ಹಾಲೂಡಿಸುವ ತಾಯಿಗೆ ಹಸಿವು ಏರುವ ಹೊತ್ತಿನಲ್ಲಿ, ಎಲ್ಲ ಬಿಟ್ಟು ಆ ಕಾಲವನ್ನೇ ಏಕೆ ಆರಿಸಿತು ಈ ಜೀವ?

ಸಂಶೋಧಕ ರಾಬರ್ಟ್ ಇನ್‌ಮನ್ ಮತ್ತು ಜೊತೆಗಾರರು 2012ರಲ್ಲಿ ಮುಂದಿಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಹಿಮಪಾತಕ್ಕೆ ಸಿಕ್ಕಿ ಸತ್ತ ಕಾಡುಮೇಕೆಯೋ, ತೋಳ ಬಿಟ್ಟುಹೋದ ಜಿಂಕೆಯ ತುಂಡೋ ಸಿಕ್ಕರೆ ವುಲ್ವರೀನ್ ಅದನ್ನು ಬಂಡೆಗಳ ಸಂದಿಯಲ್ಲಿ, ಹಿಮದಲ್ಲಿ ಹೂತಿಡುತ್ತದೆ. ನಮ್ಮ ಹಳೇ ಮೈಸೂರಿನ ರೈತರು ರಾಗಿಯನ್ನು ಹಗೇವಿನಲ್ಲಿ ಇಳಿಸಿ ಮೇಲೆ ಮಣ್ಣು ಮುಚ್ಚುತ್ತಿದ್ದರಲ್ಲ, ಹಾಗೆ. ಹಗೇವಿನಲ್ಲಿ ಕಾಳನ್ನು ಕಾಯುತ್ತಿದ್ದದ್ದು ಗಾಳಿಯಾಡದ ಕತ್ತಲು. ಇಲ್ಲಿ ಕಾಯುವುದು ಚಳಿ. ಹುಳು ಬೀಳುವುದಿಲ್ಲ, ಕೊಳೆಯುವುದಿಲ್ಲ, ವಾಸನೆ ಹಿಡಿದು ಬರಬೇಕಾದ ಕರಡಿ ನಿದ್ದೆಯಲ್ಲಿರುತ್ತದೆ. ಬೇರೆಯವರಿಗೆ ಬರಗಾಲವಾದ ತಿಂಗಳುಗಳಲ್ಲಿ ಬಾಣಂತಿಯ ಉಗ್ರಾಣ ತುಂಬಿರುತ್ತದೆ. ಮರಿ ಹಾಲು ಬಿಡುವ ಹೊತ್ತಿಗೆ ಬೇಸಿಗೆಯ ಸಣ್ಣಪುಟ್ಟ ಬೇಟೆ ಬಿಲದಿಂದ ಹೊರಬಂದಿರುತ್ತದೆ. ಚಳಿಗಾಲ ಬರುವಷ್ಟರಲ್ಲಿ ಮರಿ ಹೆಚ್ಚುಕಡಿಮೆ ತಾಯಿಯ ಗಾತ್ರ.

ಗ್ಲೇಸಿಯರ್‌ನ ಕೊರಳಪಟ್ಟಿಗಳು ಇನ್ನೊಂದು ವಿಷಯವನ್ನೂ ಬಯಲು ಮಾಡಿದವು. ಒಂಟಿ, ಮುಂಗೋಪಿ ಎಂದು ಹೆಸರಾದ ಗಂಡು ವುಲ್ವರೀನ್ ತನ್ನ ಮಕ್ಕಳನ್ನು ಹುಡುಕಿಕೊಂಡು ಬರುತ್ತದೆ. ಬೆಳೆದ ಮರಿ ಕೆಲವು ದಿನ ಅಪ್ಪನ ಜೊತೆ ಸುತ್ತುತ್ತದೆ, ಮತ್ತೆ ಅಮ್ಮನ ಬಳಿಗೆ ಹೋಗುತ್ತದೆ. ಒಂಟಿಯಾಗಿ ಬಾಳುವ ಮಾಂಸಾಹಾರಿಗಳಲ್ಲಿ ಇದು ಅಪರೂಪ. ಚುಕ್ಕೆಯ ಪಕ್ಕ ಚುಕ್ಕೆ ಬಿದ್ದದ್ದರಿಂದಲೇ ತಿಳಿದದ್ದು ಇದೂ.

ಚಳಿಯ ಮೇಲೆ ಹೂಡಿದ ಬದುಕಿಗೆ ಚಳಿ ಕರಗಿದರೆ? ಗ್ಲೇಸಿಯರ್ ಅಧ್ಯಯನದ ಮುಂದಾಳು ಜೆಫ್ ಕೋಪ್‌ಲ್ಯಾಂಡ್ ಮತ್ತು ಸಹಲೇಖಕರು 2010ರಲ್ಲಿ ಉತ್ತರ ಅಮೆರಿಕ, ಸ್ಕ್ಯಾಂಡಿನೇವಿಯಾಗಳ ಐನೂರಕ್ಕೂ ಹೆಚ್ಚು ಹೆರಿಗೆ ಗೂಡುಗಳನ್ನು ಉಪಗ್ರಹ ಕಂಡ ಹಿಮದ ನಕ್ಷೆಯ ಮೇಲಿಟ್ಟರು. ಮೇ ಮಧ್ಯದವರೆಗೂ ಹಿಮ ನಿಲ್ಲುವ ಜಾಗಗಳಲ್ಲೇ ಬಹುಪಾಲು ಎಲ್ಲ ಗೂಡುಗಳೂ ಇದ್ದವು. ಹಿಮದ ಗಡಿಯೇ ವುಲ್ವರೀನ್ ಗಡಿ ಎನ್ನುವಷ್ಟು ಅಚ್ಚುಕಟ್ಟಾದ ಚಿತ್ರ. ಆದರೆ ಪ್ರಾಣಿಗಳು ಪ್ರಬಂಧ ಓದುವುದಿಲ್ಲ. ಸ್ವೀಡನ್ನಿನಲ್ಲಿ ಅವು ಬೆಟ್ಟ ಇಳಿದು, ಮೇ ಮಧ್ಯಕ್ಕೆ ಮುಂಚೆಯೇ ಹಿಮ ಕರಗುವ ಕಾಡುಗಳಿಗೆ ಹಬ್ಬಿದವು. ಕೆನಡಾದ ಅಲ್ಬರ್ಟಾದ ತಗ್ಗುಕಾಡಿನಲ್ಲಿ ಬುಡಮೇಲಾದ ಮರದ ಬೇರುಗಳ ಪೊಟರೆಯಲ್ಲಿ ಮರಿ ಹಾಕಿದವು. ಹಾಗಾದರೆ ಹಿಮ ಬೇಡವೇ? ಬೇಕು, ಎಷ್ಟು ಮತ್ತು ಯಾವುದಕ್ಕೆ ಎಂಬುದರಲ್ಲಿ ಜಗಳ. ಜೊತೆಗೆ ಬೋನು, ಬಂದೂಕು, ವಿಷದ ಹೊಡೆತ ತಗ್ಗಿದ ಕಡೆ ಪ್ರಾಣಿ ಕಾಲು ಚಾಚುತ್ತದೆ ಎಂಬುದೂ ಹೊಳೆಯುತ್ತದೆ. ಸಂದೇಹ ಹೀಗೆ ಉಳಿದಾಗಲೇ ವಿಜ್ಞಾನ ನನಗೆ ಹೆಚ್ಚು ಆಪ್ತ.

ಎಣಿಸುವುದಾದರೂ ಹೇಗೆ ಇಂಥ ಪ್ರಾಣಿಯನ್ನು? ಯೆಲ್ಲೋಸ್ಟೋನ್ ಸುತ್ತಲಿನ ಸೀಮೆಯಲ್ಲಿ ಗಂಡಿನ ಓಡಾಟದ ವ್ಯಾಪ್ತಿ ಸರಾಸರಿ 797 ಚದರ ಕಿಲೋಮೀಟರ್, ಹೆಣ್ಣಿನದು 303. ನಮ್ಮ ನಾಗರಹೊಳೆ ಉದ್ಯಾನದ ವಿಸ್ತೀರ್ಣ 643 ಚದರ ಕಿಲೋಮೀಟರ್. ನೂರಕ್ಕೂ ಹೆಚ್ಚು ಹುಲಿಗಳಿರುವ ಆ ಕಾಡು ಒಂದು ಗಂಡು ವುಲ್ವರೀನ್‌ಗೆ ಸಾಲದು. ನಾಗರಹೊಳೆಯ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ. ಹುಲಿಯ ಪಟ್ಟೆ ಒಂದೊಂದಕ್ಕೂ ಬೇರೆ ಬೇರೆ ಎಂಬುದನ್ನು ಆಧಾರವಾಗಿಟ್ಟುಕೊಂಡು, ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಂದ ಅವುಗಳ ಸಂಖ್ಯೆ ಅಂದಾಜು ಮಾಡುವ ದಾರಿಯನ್ನು ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ತೊಂಬತ್ತರ ದಶಕದಲ್ಲಿ ಹಾಕಿದ್ದು ಅಲ್ಲೇ. ಆ ನಾಗರಹೊಳೆಯ ಅಂಕಿಗಳನ್ನು ಹಿಡಿದು 2009ರಲ್ಲಿ ಕಾರಂತರ ಜೊತೆ ಲೆಕ್ಕದ ಹೊಸ ಮಾದರಿ ರೂಪಿಸಿದ ಸಂಖ್ಯಾಶಾಸ್ತ್ರಜ್ಞ ಆಂಡಿ ರಾಯ್ಲ್, ಎರಡು ವರ್ಷದ ಬಳಿಕ ವುಲ್ವರೀನ್ ಸಂಶೋಧಕಿ ಆಡ್ರೀ ಮಗೂನ್ ಮತ್ತಿತರರೊಡನೆ ಅದೇ ಬಗೆಯ ಲೆಕ್ಕವನ್ನು ಅಲಾಸ್ಕಾದ ವುಲ್ವರೀನ್‌ಗಳಿಗೆ ಹಚ್ಚಿದ. ವುಲ್ವರೀನ್‌ಗೆ ಪಟ್ಟೆಯಿಲ್ಲ, ಕತ್ತಿನಡಿ, ಎದೆಯ ಮೇಲೆ ತಿಳಿಬಣ್ಣದ ಮಚ್ಚೆಯಿದೆ, ಒಂದರದು ಇನ್ನೊಂದಕ್ಕಿಲ್ಲ. ಅದು ಕಾಣಬೇಕಾದರೆ ಪ್ರಾಣಿ ಎದ್ದು ನಿಲ್ಲಬೇಕು. ಮಗೂನ್ ಮಾಂಸವನ್ನು ಎತ್ತರಕ್ಕೆ ತೂಗುಹಾಕಿದಳು. ಅದು ಕೊಂಬೆಯ ಮೇಲೆ ನಡೆದು ಬಂದು, ಹಿಂಗಾಲ ಮೇಲೆ ನಿಂತು, ಕ್ಯಾಮೆರಾಕ್ಕೆ ಎದೆ ಕೊಟ್ಟಿತು. ಕಬಿನಿ ದಂಡೆಯ ಹುಲಿಗೂ ಅಲಾಸ್ಕಾದ ಈ ಒಂಟಿ ಅಲೆಮಾರಿಗೂ ಒಂದೇ ಸಮೀಕರಣ ನೆಂಟಸ್ತಿಕೆ ಕಟ್ಟಿದೆ ಎಂಬುದು ನನಗೆ ಬೆಟ್ಟ ಹತ್ತಿದ ಸಾಹಸಕ್ಕಿಂತ ಒಂದು ಕೈ ಮಿಗಿಲಾದ ಬೆರಗು.

ಅಮೆರಿಕದ ಮುಖ್ಯ ಭೂಭಾಗದ 48 ರಾಜ್ಯಗಳಲ್ಲಿ ಈಗ ಉಳಿದಿರುವುದು ಸುಮಾರು 300 ಎಂಬ ಅಂದಾಜು. ಅವಕ್ಕೆ ಕಾನೂನಿನ ರಕ್ಷಣೆ ಕೊಡುತ್ತೇವೆಂದು 2013ರಲ್ಲಿ ಹೇಳಿ, ಮರುವರ್ಷ ಹಿಂದೆಗೆದು, ಕೋರ್ಟಿನಲ್ಲಿ ಮುಖಭಂಗವಾಗಿ, ಮತ್ತೆ ಹಿಂದೆಗೆದು, ಕೊನೆಗೆ ಸರ್ಕಾರ ಅಪಾಯದ ಪಟ್ಟಿಗೆ ಸೇರಿಸಿದ್ದು 2023ರ ನವೆಂಬರಿನಲ್ಲಿ. ಸ್ವೀಡನ್ 1996ರಲ್ಲೇ ಬೇರೆ ದಾರಿ ಹಿಡಿದಿತ್ತು. ಹಿಮಸಾರಂಗ ಸಾಕುವ ಸಾಮಿ ಸಮುದಾಯಗಳಿಗೆ, ಸತ್ತ ಸಾರಂಗದ ಲೆಕ್ಕ ಕೇಳದೆ, ಅವರ ಸೀಮೆಯಲ್ಲಿ ವುಲ್ವರೀನ್ ಮರಿ ಹಾಕಿದ ಪ್ರತಿ ಸಲಕ್ಕೆ ಹಣ ಕೊಡತೊಡಗಿತು. ಗೂಡು ಕಂಡರೆ ಶಾಪ ಹಾಕುತ್ತಿದ್ದವರಿಗೆ ಗೂಡೇ ಆದಾಯವಾಯಿತು, ಪ್ರಾಣಿಗಳ ಸಂಖ್ಯೆಯೂ ಏರಿತು. ಕಾಡಂಚಿನ ನಮ್ಮ ಊರುಗಳ ಪರಿಹಾರದ ಅರ್ಜಿಗಳ ಕಟ್ಟು ನೋಡಿದವರಿಗೆ ಇದರ ಜಾಣ್ಮೆ ಬೇಗ ಅರ್ಥವಾದೀತು.

ಎಂ56 ಎಂಬ ಇನ್ನೊಂದು ಗಂಡಿನ ಕಥೆ ಹೇಳಬೇಕು. 2008ರ ಡಿಸೆಂಬರಿನಲ್ಲಿ ವಯೋಮಿಂಗ್‌ನಲ್ಲಿ ಸಿಕ್ಕಿಬಿದ್ದು, ಗುರುತು ಹಾಕಿಸಿಕೊಂಡು ಹೊರಬಿತ್ತು. ಮುಂದಿನ ಬೇಸಿಗೆಯ ಹೊತ್ತಿಗೆ ಸುಮಾರು 500 ಮೈಲಿ ನಡೆದು, ಮಧ್ಯೆ ವಾಹನ ತುಂಬಿದ ಹೆದ್ದಾರಿಯೊಂದನ್ನು ದಾಟಿ, ಕೊಲರಾಡೋ ತಲುಪಿತು. 1919ರ ನಂತರ ಆ ರಾಜ್ಯದಲ್ಲಿ ಖಚಿತವಾಗಿ ಕಂಡ ಮೊದಲ ವುಲ್ವರೀನ್ ಅದು. ಅಲ್ಲಿ ಚಳಿಯಿತ್ತು, ಬಂಡೆಗಳಿದ್ದವು, ಹೂತಿಡಲು ಮಾಂಸವೂ ಇತ್ತು. 2012ರವರೆಗೆ ಅದರ ಸುಳಿವು ಅಲ್ಲಿ ಸಿಗುತ್ತಿತ್ತು, ಆಮೇಲೆ ಇಲ್ಲ. 2016ರ ಏಪ್ರಿಲ್‌ನಲ್ಲಿ ಉತ್ತರ ಡಕೋಟಾದ ಹುಲ್ಲುಗಾವಲಲ್ಲಿ ದನಗಳ ಬಳಿ ಗುಂಡಿಗೆ ಬಲಿಯಾದ ಪ್ರಾಣಿಯ ಹೊಟ್ಟೆಯೊಳಗಿನ ಟ್ರಾನ್ಸ್‌ಮಿಟರ್ ನೋಡಿದರೆ, ಅದು ಎಂ56.

ಹೆಣ್ಣುಗಳು ಹೀಗೆ ಅಲೆಯುವುದು ಕಡಿಮೆ. ಅವು ಸಾಮಾನ್ಯವಾಗಿ ತಾಯಿಯ ಸೀಮೆಯ ಆಸುಪಾಸಿನಲ್ಲೇ ನೆಲೆ ನಿಲ್ಲುತ್ತವೆ. ಹಾಗಾಗಿ ಎಷ್ಟು ಗಂಡುಗಳು ನಡೆದು ಬಂದರೂ ಕೊಲರಾಡೋದಲ್ಲಿ ತಾನಾಗಿ ಸಂತತಿ ಬೆಳೆಯುವುದು ಕಷ್ಟ. ವುಲ್ವರೀನ್‌ಗಳನ್ನು ತಂದು ಬಿಡಲು ಅನುಮತಿ ಕೊಡುವ ಕಾನೂನಿಗೆ ಅಲ್ಲಿನ ರಾಜ್ಯಪಾಲರು 2024ರ ಮೇ ತಿಂಗಳಲ್ಲಿ ಸಹಿ ಹಾಕಿದ್ದಾರೆ. ದನ ಕುರಿ ಕಳೆದುಕೊಂಡವರಿಗೆ ಪರಿಹಾರದ ಮಾತೂ ಅದರಲ್ಲಿದೆ. ಗಂಡುಗಳು ದಾರಿ ಹುಡುಕಿಕೊಂಡಾವು. ಹೆಣ್ಣುಗಳನ್ನು ಮಾತ್ರ ಹೊತ್ತೇ ತರಬೇಕು.