ಊರಿನ ಚರಿತ್ರೆಯೂ ವಿದ್ಯಾರ್ಥಿಯ ಸತ್ಯನಿಷ್ಠೆಯೂ



ರಂಗಂಪೇಟೆಯ ವಿದ್ಯಾರ್ಥಿಗೆ ಪಾಣಿಪತ್ತಿನ ಮೂರು ಯುದ್ಧಗಳ ಇಸವಿಗಳು ಬಾಯಿಪಾಠವಾಗಿರುತ್ತವೆ. ಆದರೆ ಪಕ್ಕದ ಸುರಪುರದಲ್ಲಿ 1858ರಲ್ಲಿ ನಡೆದುದೇನು, ಅದು ನಮಗೆ ಹೇಗೆ ತಿಳಿಯಿತು ಎಂದು ಕೇಳಿದರೆ ಆತನು ತಡವರಿಸುತ್ತಾನೆ. ದೋಷವು ಮಗುವಿನದಲ್ಲ. ಚರಿತ್ರೆಯೆಂದರೆ ಒಪ್ಪಿಸಬೇಕಾದ ಪಾಠವೆಂದು ಕಲಿಸಿದೆವೇ ಹೊರತು, ಶೋಧಿಸಬೇಕಾದ ಸತ್ಯವೆಂದು ಕಲಿಸಲಿಲ್ಲ.

ಮಕ್ಕಳು ಒಂದು ಪ್ರಶ್ನೆಯನ್ನು ಹಿಡಿದು ತಾವೇ ದುಡಿದು ಕಲಿಯುವ ಯೋಜನಾ ಪದ್ಧತಿಯನ್ನು ಅಮೆರಿಕದ ಕಿಲ್‌ಪ್ಯಾಟ್ರಿಕ್ ಎಂಬ ಶಿಕ್ಷಣವೇತ್ತರು 1918ರಲ್ಲಿ ಪ್ರತಿಪಾದಿಸಿದರು. ಈಗ ನಮ್ಮ ಶಾಲೆಗಳಲ್ಲಿಯೂ ಅದರ ಹೆಸರು ಕೇಳಿಬರುತ್ತದೆ. ಆದರೆ ಚಿತ್ರಗಳನ್ನು ಕತ್ತರಿಸಿ ಹಾಳೆಗೆ ಅಂಟಿಸಿದ ಮಾತ್ರಕ್ಕೆ ಶೋಧನೆಯಾಗದು. ಉತ್ತರವು ನಿಜವಾಗಿಯೂ ತೆರೆದಿರುವ ಪ್ರಶ್ನೆಯೊಂದು ಬೇಕು.

ಅಂತಹ ಪ್ರಶ್ನೆ ನಮ್ಮ ನೆಲದಲ್ಲಿಯೇ ಇದೆ. ಬ್ರಿಟಿಷರ ವಿರುದ್ಧ ಎದ್ದುನಿಂತ ಸುರಪುರದ ರಾಜಾ ವೆಂಕಟಪ್ಪ ನಾಯಕರು ಸೆರೆಯಾದರು. ಅವರಿಗೆ ವಿಧಿಸಿದ ಶಿಕ್ಷೆ ಇಳಿಯುತ್ತ ಬಂದು 4 ವರ್ಷಗಳ ಬಂಧನವಾಯಿತು. 1858ರಲ್ಲಿ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಅವರು ಗುಂಡಿಗೆ ಬಲಿಯಾದರು. ಅದು ಆತ್ಮಹತ್ಯೆಯೆಂದು ಮೆಡೋಸ್ ಟೇಲರನು ಬರೆದಿದ್ದಾನೆ. ಬ್ರಿಟಿಷರೇ ಕೊಂದರೆಂಬ ಮಾತು ಜನರಲ್ಲಿದೆ.

ಇಲ್ಲಿ ಉಪಾಧ್ಯಾಯನು ಏನು ಮಾಡಬೇಕು? ಮೊದಲ ವಾರ ಪ್ರಶ್ನೆಯನ್ನಷ್ಟೇ ಮುಂದಿಡಲಿ, ಉತ್ತರವನ್ನಲ್ಲ. ಎರಡನೆಯ ವಾರ ಟೇಲರನ ಬರಹವನ್ನು ಪರೀಕ್ಷಿಸಲಿ. ಆತನು 1853ರವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡವನು. ಅರಸರನ್ನು ಬಾಲ್ಯದಿಂದ ಬಲ್ಲವನು, ಅವರಲ್ಲಿ ಮಮತೆಯುಳ್ಳವನು. ಆದರೂ ಬ್ರಿಟಿಷ್ ಅಧಿಕಾರಿ. ಸಾವನ್ನು ಕಣ್ಣಾರೆ ಕಂಡವನಲ್ಲ. ಆತನ ಆತ್ಮಕಥೆ ಅಚ್ಚಾದುದು 1877ರಲ್ಲಿ. ಸೆರೆಮನೆಗಿಂತ ಮರಣವೇ ಲೇಸೆಂಬ ಅರ್ಥದ ಮಾತನ್ನು ಅರಸರು ಆಡಿದರೆಂದೂ ಆತನು ಬರೆದಿದ್ದಾನೆ. ಇತ್ತ, ನಾಲ್ಕೇ ವರ್ಷಗಳ ಬಂಧನಕ್ಕೆ ಯುವಕ ಅರಸರು ಪ್ರಾಣವನ್ನೇಕೆ ಕಳೆದುಕೊಂಡಾರು ಎಂಬ ಸಂಶಯವೂ ಸಹಜವಾದುದೇ. ಎರಡೂ ಕಡೆಯ ಯುಕ್ತಿಯನ್ನು ಮಕ್ಕಳು ತೂಗಲಿ.

ಮೂರನೆಯ ವಾರ ಹಿರಿಯರ ಬಳಿಗೆ ಹೋಗಲಿ. ಕೇಳಿದ ಮಾತನ್ನು ತಿದ್ದದೆ ಬರೆದುಕೊಳ್ಳಲಿ. ಇದನ್ನು ತಮಗೆ ಯಾರು ಹೇಳಿದರೆಂದು ವಿನಯದಿಂದ ವಿಚಾರಿಸಲಿ. ಹೇಳಿದವರ ಅನುಮತಿಯಿಲ್ಲದೆ ಅವರ ಹೆಸರನ್ನು ಪ್ರಕಟಿಸದಿರಲಿ. ಸುರಪುರದ ಅರಮನೆಯನ್ನೂ ಗುಡ್ಡದ ಮೇಲಿನ ಟೇಲರ್ ಮಂಜಿಲನ್ನೂ ನೋಡಿಬರಲಿ. ನಾಲ್ಕನೆಯ ವಾರ ಬರೆಯಲಿ: ಖಚಿತವಾಗಿ ತಿಳಿದುದು ಇಷ್ಟು, ಒಬ್ಬೊಬ್ಬರು ಹೇಳುವುದು ಇಷ್ಟು, ನಿರ್ಣಯಿಸಲಾಗದುದು ಇಷ್ಟು. ಈ ಮೂರು ಭಾಗಗಳು ಬೆರೆಯದಂತೆ ನೋಡಿಕೊಳ್ಳುವುದೇ ಉಪಾಧ್ಯಾಯನ ಮುಖ್ಯ ಹೊಣೆ.

“ಪೂಜ್ಯರೇ, ಊರು ತಲೆಬಾಗುವ ವೀರನ ವಿಷಯದಲ್ಲಿ ಎಳೆಯರಿಗೆ ಸಂಶಯವನ್ನು ಕಲಿಸುವುದು ತರವೇ?” ಎಂದು ಭಕ್ತರು ಕೇಳಬಹುದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಶ್ರದ್ಧೆಯಿಲ್ಲದ ಸಂಶಯವು ಮನಸ್ಸನ್ನು ಒಣಗಿಸುತ್ತದೆ. ಆದರೆ ವಿಚಾರಿಸಿ ನೋಡಿ: ವೆಂಕಟಪ್ಪ ನಾಯಕರ ಹಿರಿಮೆ ನಿಂತಿರುವುದು ಅವರು ಸತ್ತ ಬಗೆಯಲ್ಲಿಯೋ, ಬಾಳಿದ ಬಗೆಯಲ್ಲಿಯೋ? ಪ್ರಬಲ ಸಾಮ್ರಾಜ್ಯವೊಂದನ್ನು ಎದುರಿಸಿದುದು ಎರಡೂ ಕಥನಗಳಲ್ಲಿ ಅಳಿಯದೆ ಉಳಿಯುತ್ತದೆ. ಪ್ರಶ್ನೆಯಿಂದ ಅಳಿಯುವ ಗೌರವವು ಗೌರವವಲ್ಲ, ಅಭ್ಯಾಸ. ಸತ್ಯಕ್ಕೆ ಅಂಜಿ ಕಾಪಾಡಿದ ಅಭಿಮಾನವು ನಾಳೆ ಮತ್ತೊಬ್ಬರ ಅಸತ್ಯಕ್ಕೂ ಸುಲಭವಾಗಿ ತುತ್ತಾಗುತ್ತದೆ. ಶರಣರ ಪರಂಪರೆಯಲ್ಲಿ ಪ್ರಶ್ನೆಯು ಭಕ್ತಿಗೆ ಹಗೆಯಾಗಿರಲಿಲ್ಲವೆಂಬುದನ್ನು ನಾವು ಮರೆಯಬಾರದು.

ಇನ್ನೊಂದು ಅಪಾಯವು ಉಪಾಧ್ಯಾಯನ ಕಡೆಯಿಂದ ಬರುವುದು. ತನಗೆ ಪ್ರಿಯವಾದ ಉತ್ತರವನ್ನು ಬರೆದವರಿಗೇ ಹೆಚ್ಚು ಅಂಕ ಕೊಟ್ಟರೆ, ಮಕ್ಕಳು ಕಲಿಯುವುದು ಚರಿತ್ರೆಯನ್ನಲ್ಲ, ಕಪಟವನ್ನು. ಆದುದರಿಂದ ಅಂಕವು ನಿರ್ಣಯಕ್ಕೆ ಸಲ್ಲದಿರಲಿ, ಪ್ರಾಮಾಣಿಕತೆಗೆ ಸಲ್ಲಲಿ.

“ಇದು ನನಗೆ ತಿಳಿದಿದೆ, ಇದು ತಿಳಿದಿಲ್ಲ” ಎಂದು ಹದಿನಾಲ್ಕರ ಹರೆಯದಲ್ಲಿ ನಿರ್ಭಯವಾಗಿ ಹೇಳಬಲ್ಲವನು ಮುಂದೆ ಸಾಕ್ಷಿಯ ಕಟ್ಟೆಯಲ್ಲಿಯೂ ಪಂಚಾಯಿತಿಯಲ್ಲಿಯೂ ಸುಳ್ಳಾಡಲು ಹಿಂಜರಿಯುತ್ತಾನೆ. ಮಠದ ವಿದ್ಯಾರ್ಥಿಗಳಾಗಿದ್ದು ಇಂದು ಉಪಾಧ್ಯಾಯರಾಗಿರುವವರು ತಮ್ಮ ತಮ್ಮ ಊರಿನ ಇಂತಹ ಒಂದೊಂದು ಪ್ರಶ್ನೆಯನ್ನು ಈ ವರ್ಷವೇ ಎತ್ತಿಕೊಳ್ಳಲಿ.