ಹಳೆಯ ಸೀಟು, ಹೊಸ ಹೊದಿಕೆ

ತಂದೆ ಓಡಿಸಿದ ಮೋಟಾರ್ ಸೈಕಲ್ಲು ಮಗನ ಪಾಲಿಗೆ ಬಂದಿದೆ ಎನ್ನೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಗಾಡಿ ತಯಾರಿಸಲು ತೊಡಗಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಹೊಸೂರು ಹೆದ್ದಾರಿಯ ಅತ್ತಿಬೆಲೆಯಲ್ಲಿ, ಮನೆಯಂಗಳದಲ್ಲಿ ಸೀಟು ಬಿಚ್ಚಿಕೊಂಡು ಕುಳಿತ ಮಗನಿಗೆ ಒಂದು ಧರ್ಮಸಂಕಟ: ತಂದೆ ಕೂತು ಕೂತು ತಗ್ಗಾದ ಆ ಜಾಗವನ್ನು ಕಿತ್ತೆಸೆಯುವುದು ಸರಿಯೆ?

ಹಾಗೆಯೇ ಇರಲಿ ಎಂಬುದು ಮಮತೆಯ ಮಾತು. ಆದರೆ ವಸ್ತು ಹಾಗೆಯೇ ಇರುವುದಿಲ್ಲವಲ್ಲ! ಹರಿದ ರೆಕ್ಸಿನ್ನಿನೊಳಗೆ ಮಳೆನೀರು ಇಳಿಯುತ್ತದೆ. ಸ್ಪಂಜು ಅದನ್ನು ಹಿಡಿದಿಡುತ್ತದೆ. ಅಡಿಯ ತಗಡಿಗೆ ತುಕ್ಕು ಹತ್ತುತ್ತದೆ. ಮುಟ್ಟದೆ ಬಿಡುವುದೂ ಒಂದು ಬಗೆಯ ನಾಶವೇ, ನಿಧಾನವಾದದ್ದು, ಅಷ್ಟೆ.

ಕೆಲಸ ಬಲ್ಲವರು ಹಳೆಯ ಹೊದಿಕೆಯನ್ನು ಹರಿದು ಬಿಸುಡುವುದಿಲ್ಲ. ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿ, ತುಂಡುಗಳನ್ನು ಹೊಸ ರೆಕ್ಸಿನ್ನಿನ ಮೇಲೆ ಹಾಸಿ, ಗೆರೆ ಎಳೆದು ಕತ್ತರಿಸುತ್ತಾರೆ. ಹಿಗ್ಗಿದ ಕಡೆ ತುಸು ತಿದ್ದಿಕೊಳ್ಳುತ್ತಾರೆ. ಹಿರಿಯರಿಂದ ಬಂದದ್ದನ್ನು ಸ್ವೀಕರಿಸುವ ಕ್ರಮವೂ ಇದೇ ಅಲ್ಲವೆ? ಅಳತೆ ಅವರದು, ತಿದ್ದುವ ಹೊಣೆ ನಮ್ಮದು.

ತಗಡನ್ನು ಉಜ್ಜಿ ಬಣ್ಣ ಬಳಿದರೆ ಅದು ಉಳಿಯುತ್ತದೆ. ತಗ್ಗು ಉಳಿಯದು; ಆ ನಷ್ಟ ನಿಜವೇ. ಆದರೂ ತಂದೆ ಗಾಡಿ ಕೊಂಡದ್ದು ಕೂತು ಹೋಗಲಿಕ್ಕೆ. ಕೂರಲಾಗದ ಸೀಟನ್ನು ಪೂಜಿಸುವುದಕ್ಕಿಂತ ಕೂರುವಂತೆ ಮಾಡುವುದೇ ಮೇಲಾದ ಪಿತೃಭಕ್ತಿ. ಹೊಸ ಸ್ಪಂಜೂ ಒಂದು ದಿನ ತಗ್ಗಾದೀತು. ಆ ತಗ್ಗು ಮಗನದಾಗಿರುತ್ತದೆ.